ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನವನ್ನು ಓದುವುದು ಹೇಗೆ?

2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇದರಿಂದ ಏನಾಯಿತು ಎಂದು ಮಂಡ್ಯದ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಉತ್ತರ ರೆಡಿ. 'ಹೆಣ್ಮಕ್ಕಳ ಕೈಲಿ ನಾಕು ಕಾಸು ಓಡಾಡ್ತಾ ಅದೆ' ಎನ್ನುವವರು ಒಬ್ಬರು, 'ನಾಟಿ ಹಾಕಾಕೆ ಆಳೇ ಸಿಕ್ಕಾಕಿಲ್ಲ' ಎಂದು ಗೊಣಗುವವರು ಇನ್ನೊಬ್ಬರು. ಇಬ್ಬರ ಮಾತಲ್ಲೂ ಒಂದಿಷ್ಟು ನಿಜ ಇದ್ದೀತು. ಆದರೆ ಟೀ ಅಂಗಡಿಯ ಮಾತು ನಂಬಿ ಬಜೆಟ್ ಮಾಡಲಾಗದು. ಅದಕ್ಕೇ ಸರ್ಕಾರದ ಇಲಾಖೆಗಳು, ಬ್ಯಾಂಕುಗಳು, ದಾನಿ ಸಂಸ್ಥೆಗಳು, ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳು ಹಣ ಕೊಟ್ಟು ಅಧ್ಯಯನ ಮಾಡಿಸುತ್ತವೆ. ಕೆಲವು ತಿಂಗಳಾದ ಮೇಲೆ 'ಶೇಕಡ ಇಷ್ಟು ಕುಟುಂಬಗಳ ಜೀವನಮಟ್ಟ ಸುಧಾರಣೆ: ವರದಿ' ಎಂಬ ಸುದ್ದಿ ಬರುತ್ತದೆ. ಆಳುವವರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ, ವಿರೋಧದಲ್ಲಿರುವವರು 'ದುಡ್ಡು ಕೊಟ್ಟು ಬರೆಸಿದ್ದು' ಎಂದು ತಳ್ಳಿಹಾಕುತ್ತಾರೆ.

ಎರಡೂ ಓದದೆ ಕೊಡುವ ತೀರ್ಪು. ಹಣ ಕೊಟ್ಟು ಮಾಡಿಸಿದ್ದೆಲ್ಲ ಸುಳ್ಳಾಗಬೇಕಿಲ್ಲ, ಮೇಲೆ ಪ್ರೊಫೆಸರ ಹೆಸರಿದೆ ಎಂದು ನಿಜವೂ ಆಗಬೇಕಿಲ್ಲ. ಇಂಥ ವರದಿಯ ಉತ್ತರ ಸಮೀಕ್ಷೆಯವರು ಮೊದಲ ಮನೆಯ ಬಾಗಿಲು ತಟ್ಟುವ ಮುಂಚೆಯೇ ಅರ್ಧ ತೀರ್ಮಾನವಾಗಿರುತ್ತದೆ. ಕೇಳಿದ ಪ್ರಶ್ನೆ ಯಾವುದು, ಹೋಲಿಸಿದ್ದು ಯಾವುದರ ಜೊತೆ ಎಂಬ ಎರಡು ಜಾಗಗಳಲ್ಲಿ ಅದು ಆಗುತ್ತದೆ. ಆ ಎರಡು ಜಾಗ ಹುಡುಕಲು ಗೊತ್ತಿದ್ದರೆ ಸಂಖ್ಯಾಶಾಸ್ತ್ರ ಓದದವರೂ ವರದಿಯ ತೂಕ ಹೇಳಬಹುದು.

ಮಿಲ್ಲರ್ ಸಮಿತಿಗೆ ಕೇಳಿದ್ದೇನು?

ತಜ್ಞರನ್ನು ಕೂರಿಸಿ ನೀತಿಗೆ ಬೇಕಾದ ಅಧ್ಯಯನ ಮಾಡಿಸುವುದು ಮೈಸೂರಿಗೆ ಹಳೇ ರೂಢಿ. 1911ರಲ್ಲೇ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಗಿ ಕೃಷಿ, ಶಿಕ್ಷಣ, ಕೈಗಾರಿಕೆಗೆ ಬೇರೆ ಬೇರೆ ಸಮಿತಿಗಳಾದವು. ಆದರೆ ನಮ್ಮ ವಿಷಯಕ್ಕೆ ಹತ್ತಿರದ್ದು 1918ರ ಕತೆ. ಸರ್ಕಾರಿ ನೌಕರಿಯೆಲ್ಲ ಒಂದೇ ಸಮುದಾಯದ ಕೈಯಲ್ಲಿದೆ ಎಂದು ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅಹವಾಲು ಇಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಹೇಳಿತು.

ಸಮಿತಿಯ ಮುಂದಿಟ್ಟ ಪ್ರಶ್ನೆ, ಎಲ್ಲ ಸಮುದಾಯಗಳಿಗೂ ಸಾಕಷ್ಟು ಪ್ರಾತಿನಿಧ್ಯ ಸಿಗುವಂತೆ ಮಾಡುವ ದಾರಿ ಯಾವುದು ಎಂಬುದು. ಪ್ರಾತಿನಿಧ್ಯ ಬೇಕೇ ಬೇಡವೇ ಎಂದು ಯಾರೂ ಕೇಳಿರಲಿಲ್ಲ. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ, ಅವರ ಚಿಂತೆ ಅರ್ಹತೆ ಮತ್ತು ಆಡಳಿತದ ದಕ್ಷತೆಯದ್ದು. ಅದೇ ನೌಕರರ ಪಟ್ಟಿ, ಅದೇ ಅಂಕಿಗಳನ್ನು ಇಟ್ಟುಕೊಂಡು 'ದಕ್ಷತೆ ಹೆಚ್ಚಿಸುವುದು ಹೇಗೆ' ಎಂದು ಇನ್ನೊಂದು ಸಮಿತಿಗೆ ಕೇಳಿದ್ದರೆ ಬೇರೆಯೇ ವರದಿ ಬರುತ್ತಿತ್ತು. ಇದನ್ನು ಪಕ್ಷಪಾತ ಎನ್ನಲು ನಾನು ತಯಾರಿಲ್ಲ. ನೀತಿಯನ್ನು ದೊರೆ ನಿರ್ಧರಿಸಿ, ಜಾರಿಯ ದಾರಿಯನ್ನು ತಜ್ಞರಿಗೆ ಕೇಳಿದ್ದು ಎಲ್ಲರಿಗೂ ಕಾಣುವಂತಿತ್ತು. ತಕರಾರು ಬರುವುದು ಪ್ರಶ್ನೆಯನ್ನು ಮುಚ್ಚಿಟ್ಟು ಉತ್ತರವನ್ನು ಮಾತ್ರ ಮೆರವಣಿಗೆ ಮಾಡಿದಾಗ.

ಈಗ ಆ ಪ್ರಶ್ನೆ ಇರುವ ಕಾಗದಕ್ಕೆ ಕಚೇರಿಗಳಲ್ಲಿ ಟಿಓಆರ್ (ಟರ್ಮ್ಸ್ ಆಫ್ ರೆಫರೆನ್ಸ್) ಎನ್ನುತ್ತಾರೆ. ಏನನ್ನು ಅಧ್ಯಯನ ಮಾಡಬೇಕು, ಯಾವ ತಾಲ್ಲೂಕುಗಳಲ್ಲಿ, ಎಷ್ಟು ಮನೆ, ಎಷ್ಟು ತಿಂಗಳು, ಎಲ್ಲ ಅದರಲ್ಲಿರುತ್ತದೆ. ರಾಜ್ಯದಲ್ಲಿ ಯೋಜನೆಗಳ ಮೌಲ್ಯಮಾಪನಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಹುಟ್ಟಿತು. ಕೆಲಸ ಹಿಡಿಯುವವರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಹಳೇ ಸಂಸ್ಥೆಗಳಿವೆ, ಮೈಸೂರಿನ ಗ್ರಾಮ್‌ನಂಥ ಹೊಸಬರಿದ್ದಾರೆ, ವಿಶ್ವವಿದ್ಯಾನಿಲಯದ ವಿಭಾಗಗಳಿವೆ, ಖಾಸಗಿ ಕನ್ಸಲ್ಟೆನ್ಸಿಗಳಿವೆ. ಸರ್ಕಾರಿ ಖರೀದಿಯೆಂದ ಮೇಲೆ 1999ರ ಪಾರದರ್ಶಕ ಕಾಯ್ದೆ, ಟೆಂಡರ್, ಬಿಡ್ ಎಲ್ಲ ಬಂದೇ ಬರುತ್ತವೆ. ರಸ್ತೆಗೆ ಡಾಂಬರು ಹಾಕುವ ಕೆಲಸದಂತೆ ಇಲ್ಲೂ ಕಡಿಮೆ ರೇಟಿನವರಿಗೆ ಕೆಲಸ ಹೋದರೆ, ಉಳಿತಾಯವಾಗುವುದು ಫೀಲ್ಡ್‌ನಲ್ಲೇ. ದಿನಕ್ಕೆ ಆರು ಮನೆ ಮಾಡಬೇಕಾದ ಹುಡುಗ ಹದಿನೈದು ಮನೆ ಮಾಡುತ್ತಾನೆ.

ಗೃಹಲಕ್ಷ್ಮಿಯನ್ನೇ ತೆಗೆದುಕೊಳ್ಳಿ. 'ಹಣ ಸರಿಯಾಗಿ ತಲುಪುತ್ತಿದೆಯೇ' ಎಂಬುದು ಒಂದು ಅಧ್ಯಯನ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೋಡಣೆ ನೋಡಿದರೆ ಮುಗಿಯಿತು. 'ಆ ಹಣದಿಂದ ಮನೆಯಲ್ಲಿ ಏನು ಬದಲಾಯಿತು' ಎಂಬುದು ಎರಡನೆಯದು, ಅದಕ್ಕಿಂತ ಹತ್ತು ಪಟ್ಟು ಕಷ್ಟ. 'ಇಷ್ಟೇ ಹಣವನ್ನು ಶಾಲೆಗೋ ಆಸ್ಪತ್ರೆಗೋ ಹಾಕಿದ್ದರೆ ಇನ್ನೂ ಹೆಚ್ಚು ಒಳ್ಳೆಯದಾಗುತ್ತಿತ್ತೇ' ಎಂಬುದು ಮೂರನೆಯದು. ಇದನ್ನು ಯಾವ ಇಲಾಖೆಯೂ ತಾನಾಗಿ ಕೇಳಿಸುವುದಿಲ್ಲ. ಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಮೂರೂ ಒಂದೇ ಥರ ಕಾಣುತ್ತವೆ: 'ಯೋಜನೆ ಯಶಸ್ವಿ'.

ಪ್ರಶ್ನೆಯ ಅಳತೆ ಬದಲಾದರೆ ಕಾರಣವೂ ಬದಲಾಗುತ್ತದೆ. ರೈತರ ಆತ್ಮಹತ್ಯೆಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ ಡಾ. ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಕುಡಿತ, ಮನೆಯ ಜಗಳದಂಥ ವೈಯಕ್ತಿಕ ಕಾರಣಗಳಿಗೆ ಹೆಚ್ಚು ಒತ್ತು ಕೊಟ್ಟಿದೆ ಎಂಬ ಟೀಕೆ ಎದುರಿಸಬೇಕಾಯಿತು. 'ಈ ಮನುಷ್ಯ ಯಾಕೆ ಸತ್ತ' ಎಂದು ಒಂದೊಂದೇ ಮನೆಗೆ ಹೋಗಿ ಕೇಳಿದರೆ ಮನೆಯೊಳಗಿನ ಕಾರಣಗಳೇ ಸಿಗುತ್ತವೆ. 'ಈ ತಾಲ್ಲೂಕಿನಲ್ಲಿ ಈ ವರ್ಷವೇ ಯಾಕೆ ಇಷ್ಟು ಜನ' ಎಂದು ಕೇಳಿದರೆ ಕಬ್ಬಿನ ಬಾಕಿ, ಬಡ್ಡಿ, ರೇಷ್ಮೆಗೂಡಿನ ಬೆಲೆ, ಬತ್ತಿದ ಬೋರ್‌ವೆಲ್ ಹೊರಗೆ ಬರುತ್ತವೆ.

ಕಾವೇರಿ ಮಾಡಿದ್ದು, ಗೃಹಲಕ್ಷ್ಮಿಯ ಲೆಕ್ಕಕ್ಕೆ

ಇನ್ನು ಹೋಲಿಕೆ. ಬಹುಪಾಲು ವರದಿಗಳು ಎಡವುವ ಜಾಗ ಇದು.

ಮಂಡ್ಯದ ಒಂದು ಹಳ್ಳಿಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮನೆಮನೆಯ ಆದಾಯ ಬರೆದುಕೊಂಡಿರಿ ಎನ್ನೋಣ. 2024ರ ಕೊನೆಗೆ ಮತ್ತೆ ಹೋಗಿ ಕೇಳಿದಿರಿ. ಆದಾಯ ಹೆಚ್ಚಿದೆ, ಸಾಲ ಕಡಿಮೆಯಾಗಿದೆ, ಮನೆಗೆ ಹೊಸ ಮಿಕ್ಸಿ ಬಂದಿದೆ. 'ಯೋಜನೆಗೆ ಮೊದಲು' ಮತ್ತು 'ಯೋಜನೆಯ ನಂತರ' ಎಂದು ಎರಡು ಕಂಬಗಳ ಚಿತ್ರ ಹಾಕಿದರೆ ಮುಖ್ಯಮಂತ್ರಿಗೂ ತೋರಿಸಬಹುದು. ಆದರೆ 2023 ಎಂಥ ವರ್ಷ? ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವೇ ಬರಪೀಡಿತ ಎಂದು ಸಾರಿದ ವರ್ಷ. ಕನ್ನಂಬಾಡಿಯಲ್ಲಿ ನೀರಿಲ್ಲ, ತಮಿಳುನಾಡಿಗೆ ಬಿಡಬೇಡಿ ಎಂದು ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್. 2024ರ ಜುಲೈನಲ್ಲಿ ಅದೇ ಕನ್ನಂಬಾಡಿ 124.80 ಅಡಿ ತುಂಬಿ ನಾಲೆಗೆ ನೀರು ಹರಿಯಿತು. ಅಂದಮೇಲೆ ಹೊಸ ಮಿಕ್ಸಿ ತಂದುಕೊಟ್ಟಿದ್ದು 2,000 ರೂಪಾಯಿಯೋ, ನಾಲೆಯ ನೀರೋ? ಮೊದಲು-ನಂತರದ ಹೋಲಿಕೆಯಿಂದ ಅದು ತಿಳಿಯುವುದಿಲ್ಲ. ಬರಕ್ಕೆ ಮುಂಚಿನ ವರ್ಷವನ್ನು 'ಮೊದಲು' ಎಂದು ಹಿಡಿದು, ಬರದ ನಡುವೆ 'ನಂತರ' ಅಳೆದಿದ್ದರೆ ಅದೇ ಗೃಹಲಕ್ಷ್ಮಿ ಜನರನ್ನು ಬಡವರನ್ನಾಗಿ ಮಾಡಿತು ಎಂಬ ತೀರ್ಮಾನ ಬರುತ್ತಿತ್ತು.

ಸರಿಯಾದ ಪ್ರಶ್ನೆ ಇದು: ಅದೇ ಮನೆಗೆ, ಅದೇ ವರ್ಷ, ಈ ಹಣ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು? ಆ ಮನೆ ಎಲ್ಲೂ ಇಲ್ಲ. ಆದ್ದರಿಂದ ಅದರಂತೆಯೇ ಇರುವ, ಆದರೆ ಹಣ ಸಿಗದ ಮನೆಗಳನ್ನು ಹುಡುಕಬೇಕು. ಹೊಸ ಯೋಜನೆಯನ್ನು ಮೊದಲು ಚೀಟಿ ಎತ್ತಿ ಅರ್ಧ ಹಳ್ಳಿಗಳಿಗೆ ಕೊಟ್ಟು, ಉಳಿದರ್ಧ ಹಳ್ಳಿಗಳಿಗೆ ಒಂದು ವರ್ಷ ತಡವಾಗಿ ಕೊಟ್ಟರೆ ಆ ತಡದ ವರ್ಷವೇ ಹೋಲಿಕೆಗೆ ಸಿಗುತ್ತದೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ ನೊಬೆಲ್ ಬಂದದ್ದು ಇಂಥ ಪ್ರಯೋಗಗಳನ್ನು ಬಡತನದ ಅಧ್ಯಯನಕ್ಕೆ ತಂದಿದ್ದಕ್ಕೆ. ಆದರೆ ಚುನಾವಣೆಯಲ್ಲಿ ಎಲ್ಲರಿಗೂ ಎಂದು ಮಾತು ಕೊಟ್ಟ ಯೋಜನೆಯನ್ನು ಯಾವ ಸರ್ಕಾರ ಚೀಟಿ ಎತ್ತಿ ಹಂಚೀತು? ಗೃಹಲಕ್ಷ್ಮಿ ಸಿಗದವರು ಮುಖ್ಯವಾಗಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಯವರು. ಅವರನ್ನು ಕೂಲಿ ಮಾಡುವವರ ಜೊತೆ ಹೋಲಿಸಲು ಬರುವುದಿಲ್ಲ. ಗಡಿ ದಾಟಿ ತಮಿಳುನಾಡಿನ ಹಳ್ಳಿ ಹಿಡಿಯೋಣ ಎಂದರೆ, ಅಲ್ಲಿಯೂ 2023ರ ಸೆಪ್ಟೆಂಬರ್ 15ರಿಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಶುರುವಾಯಿತು! ಎಚ್.ಡಿ. ಕೋಟೆಯ ಆಚೆ ಕೇರಳದ ವಯನಾಡು ಇದೆ, ಅಲ್ಲಿನ ಕೂಲಿಯೇ ಬೇರೆ. ಪ್ರಾಮಾಣಿಕ ವರದಿ ಈ ತೊಡಕನ್ನು ಹೇಳಿ, ಆಮೇಲೆ ತನ್ನ ಅಂದಾಜು ಕೊಡುತ್ತದೆ. ಹೋಲಿಕೆಯ ಗುಂಪು ಯಾವುದು ಎಂಬ ಮಾತೇ ಇಲ್ಲದ ವರದಿಯಲ್ಲಿ ಶೇಕಡಾವಾರು ಎಷ್ಟೇ ದೊಡ್ಡದಿರಲಿ, ನಾನು ಅದನ್ನು ಅಭಿಪ್ರಾಯ ಸಂಗ್ರಹ ಎಂದೇ ಓದುತ್ತೇನೆ.

ದಸರಾದ ಸಾವಿರ ರೂಪಾಯಿ, ಹೈವೇಯ ಎಳನೀರು

ಆರ್ಥಿಕ ಪರಿಣಾಮದ ವರದಿಗಳಲ್ಲಿ ಕೋಟಿಗಳ ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದನ್ನು ದಸರಾದಿಂದಲೇ ನೋಡಬಹುದು. ಹೊರಗಿನಿಂದ ಬಂದವರೊಬ್ಬರು ಮೈಸೂರಿನಲ್ಲಿ 1,000 ರೂಪಾಯಿ ಖರ್ಚು ಮಾಡಿದರು. ಅದರಲ್ಲಿ 400 ರೂಪಾಯಿ ಊರಲ್ಲೇ ಮತ್ತೆ ಖರ್ಚಾಗುತ್ತದೆ ಎಂದು ಹಿಡಿಯಿರಿ: ಹೋಟೆಲಿನವನು ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ಕೊಂಡ, ಸಪ್ಲೈಯರ್ ಸಂಬಳದಲ್ಲಿ ಬಾಡಿಗೆ ಕಟ್ಟಿದ. ಆ 400ರಲ್ಲಿ 160 ಮತ್ತೆ ಇಲ್ಲೇ ತಿರುಗುತ್ತದೆ, ಆಮೇಲೆ 64. ಹೀಗೆ ಕೂಡುತ್ತ ಹೋದರೆ ಒಟ್ಟು ಸುಮಾರು 1,667 ರೂಪಾಯಿ. ಈಗ 400ರ ಬದಲು 700 ಊರಲ್ಲೇ ಉಳಿಯುತ್ತದೆ ಎಂದುಕೊಳ್ಳಿ. ಒಟ್ಟು ಸುಮಾರು 3,333ಕ್ಕೆ ಏರುತ್ತದೆ. ಬಂದ ಜನ ಅಷ್ಟೇ, ಖರ್ಚು ಮಾಡಿದ್ದೂ ಅಷ್ಟೇ. ಒಂದು ಊಹೆ ಬದಲಾಯಿತು, ಲಾಭ ಎರಡು ಪಟ್ಟಾಯಿತು. ಆ ಊಹೆ ವರದಿಯ ಕೊನೆಯ ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಮೈಸೂರಿನವರೇ ವಸ್ತುಪ್ರದರ್ಶನಕ್ಕೆ ಹೋಗಿ ಹಪ್ಪಳ, ಬೋಂಡಾ ತಿಂದ ಖರ್ಚನ್ನೂ ಲಾಭಕ್ಕೆ ಸೇರಿಸುವುದು ಇನ್ನೊಂದು ಚಾಳಿ. ಆ ದುಡ್ಡು ದಸರಾ ಇಲ್ಲದಿದ್ದರೂ ಊರಿನ ಬೇರೆ ಅಂಗಡಿಗೆ ಹೋಗುತ್ತಿತ್ತು.

ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕಿಂತ ಗಂಭೀರ ವಿಷಯ. 118 ಕಿ.ಮೀ., ಸುಮಾರು 8,480 ಕೋಟಿ ರೂಪಾಯಿ ವೆಚ್ಚ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಸರ್ಕಾರ ಹೇಳಿತು. ರಸ್ತೆಯ ಲಾಭ ಲೆಕ್ಕ ಹಾಕುವವರು ಉಳಿದ ನಿಮಿಷಗಳಿಗೆ ಬೆಲೆ ಕಟ್ಟಿ, ಓಡಾಡುವ ವಾಹನಗಳಿಂದ ಗುಣಿಸುತ್ತಾರೆ. ಕಾರಿನಲ್ಲಿ ಕೂತವನ ಸಮಯಕ್ಕೆ ಬೆಲೆ ಹೆಚ್ಚು, ಬಸ್ಸಿನವನದ್ದಕ್ಕೆ ಕಡಿಮೆ. ಹಳೇ ರಸ್ತೆಯಲ್ಲಿ ಮದ್ದೂರು ವಡೆ, ಎಳನೀರು, ಚನ್ನಪಟ್ಟಣದ ಗೊಂಬೆ ಮಾರುತ್ತಿದ್ದವರ ವ್ಯಾಪಾರ ಬಿದ್ದುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಕೇಳಿದರೆ ಅರ್ಥಶಾಸ್ತ್ರಜ್ಞರು ಹೇಳುತ್ತಾರೆ: ಆ ಗಿರಾಕಿ ಇನ್ನೆಲ್ಲೋ ಎಳನೀರು ಕುಡಿಯುತ್ತಾನೆ, ಒಟ್ಟಾರೆ ನಷ್ಟವಿಲ್ಲ. ಒಟ್ಟಾರೆ ಲೆಕ್ಕಕ್ಕೆ ಅದು ಸರಿ. ಆದರೆ ಲಾಭ ಬೆಂಗಳೂರಿಗೆ, ನಷ್ಟ ಮದ್ದೂರಿಗೆ ಎಂದಾದರೆ ಮಂಡ್ಯದ ಶಾಸಕರಿಗೆ ಬೇಕಾದ್ದು ಒಟ್ಟಾರೆಯ ಲೆಕ್ಕವಲ್ಲವಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಂತಿತು. ಅಲ್ಲಿಗೆ ಕಬ್ಬಿನ ಲೋಡ್ ಒಯ್ಯುವ ರೈತನ ನಿಮಿಷಗಳು ಉಳಿಯುವ ಪ್ರಶ್ನೆಯೂ ಮುಗಿಯಿತು.

ಜನ ಕೇಳುತ್ತಾರೆ, ಇಷ್ಟು ದೊಡ್ಡ ರಸ್ತೆಗೆ ಸಾಮಾಜಿಕ ಪರಿಣಾಮದ ಅಧ್ಯಯನ ಕಾನೂನಿನಲ್ಲೇ ಕಡ್ಡಾಯವಲ್ಲವೇ ಎಂದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಅದಿದೆ: ಆರು ತಿಂಗಳಲ್ಲಿ ಅಧ್ಯಯನ ಮುಗಿಯಬೇಕು, ಸಾರ್ವಜನಿಕ ಸಭೆ ಕರೆಯಬೇಕು, ವರದಿ ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಗೆ ತಲುಪಬೇಕು. ಆದರೆ ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ಹೆದ್ದಾರಿ ಕಾಯ್ದೆಯಲ್ಲಿ. ಅದಕ್ಕೆ 2013ರ ಕಾಯ್ದೆಯ ಪರಿಹಾರದ ನಿಯಮಗಳು ಅನ್ವಯಿಸುತ್ತವೆ, ಈ ಅಧ್ಯಯನದ ಭಾಗ ಅನ್ವಯಿಸುವುದಿಲ್ಲ. ಹೆಚ್ಚು ಜನರ ಬದುಕು ತಟ್ಟುವ ಕಾಮಗಾರಿಗೇ ಕೇಳಬೇಕಾದ ಪ್ರಶ್ನೆ ಕೇಳದೆ ಹೋಗಲು ಕಾನೂನೇ ದಾರಿ ಬಿಟ್ಟಿದೆ.

ಕೇಳಿದರೂ ಹೇಳದ ವಿಷಯಗಳು

ಕೆಲವು ಸಾಮಾಜಿಕ ಸಮಸ್ಯೆಗಳನ್ನು ನೇರವಾಗಿ ಕೇಳುವಂತೆಯೇ ಇಲ್ಲ. 2023ರ ಕೊನೆಯಲ್ಲಿ ಪೊಲೀಸರು ಭೇದಿಸಿದ ಹೆಣ್ಣು ಭ್ರೂಣಹತ್ಯೆ ಜಾಲ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಸುತ್ತಿತ್ತು ಎಂಬುದು ಹೊರಬಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವ ರೈತರು ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಣ್ಣು ಸಿಗಲೆಂದು ಪಾದಯಾತ್ರೆ ಹೊರಟಿದ್ದರು. ಈ ಎರಡು ಸುದ್ದಿಗಳ ನಡುವಿನ ನಂಟನ್ನು ಅಧ್ಯಯನ ಮಾಡಿ ಎಂದು ಯಾರಾದರೂ ಹಣ ಕೊಟ್ಟರೆ ಹೇಗೆ ಮಾಡುವುದು? 1994ರ ಕಾಯ್ದೆಯಂತೆ ಲಿಂಗಪತ್ತೆ ಅಪರಾಧ. ಮನೆ ಬಾಗಿಲಲ್ಲಿ ನಿಂತು 'ಸ್ಕ್ಯಾನ್ ಮಾಡಿಸಿದ್ರಾ' ಎಂದರೆ ಯಾರು ಹೌದು ಎನ್ನುತ್ತಾರೆ?

ಅದಕ್ಕೊಂದು ಉಪಾಯವಿದೆ. ಅರ್ಧ ಮನೆಗಳಿಗೆ ನಾಲ್ಕು ವಾಕ್ಯ ಓದುತ್ತಾರೆ: ಹಸು ಕೊಂಡೆವು, ಧರ್ಮಸ್ಥಳಕ್ಕೆ ಹೋಗಿದ್ದೆವು, ಸಂಘದಲ್ಲಿ ಸಾಲ ತೆಗೆದೆವು, ಬೋರ್‌ವೆಲ್ ಕೊರೆಸಿದೆವು. ಯಾವುದು ನಿಜ ಎಂದು ಹೇಳಬೇಡಿ, ಎಷ್ಟು ನಿಜ ಎಂಬ ಸಂಖ್ಯೆ ಮಾತ್ರ ಹೇಳಿ ಎನ್ನುತ್ತಾರೆ. ಉಳಿದರ್ಧ ಮನೆಗಳಿಗೆ ಇದೇ ನಾಲ್ಕರ ಜೊತೆ ಐದನೆಯದಾಗಿ ಲಿಂಗಪತ್ತೆಯ ವಾಕ್ಯ ಸೇರಿಸುತ್ತಾರೆ. ಮೊದಲ ಗುಂಪಿನ ಸರಾಸರಿ 1.8, ಎರಡನೆಯದರದ್ದು 1.9 ಬಂದರೆ ಆ 0.1 ಎಂದರೆ ನೂರಕ್ಕೆ ಹತ್ತು ಮನೆ. ಯಾವ ಮನೆಯೂ ಸಿಕ್ಕಿಬೀಳುವುದಿಲ್ಲ, ಆದರೂ ಜಿಲ್ಲೆಯ ಲೆಕ್ಕ ಸಿಗುತ್ತದೆ. ಇದಕ್ಕೆ ಸಾವಿರಾರು ಮನೆ ಬೇಕು, ಅಗ್ಗದ ಟೆಂಡರಿನಲ್ಲಿ ಆಗದು. ಇನ್ನೊಂದು ದಾರಿ ಜನನ ನೋಂದಣಿ ಪುಸ್ತಕ. ಪ್ರಕೃತಿಯಲ್ಲಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತವೆ. ಮೊದಲನೆಯದು ಹೆಣ್ಣಾದ ಮನೆಗಳಲ್ಲಿ ಎರಡನೇ ಮಗುವಿನ ಲೆಕ್ಕ ಮಾತ್ರ ತೆಗೆದು, ಅಲ್ಲಿ ಗಂಡುಮಕ್ಕಳು 105ಕ್ಕಿಂತ ತುಂಬಾ ಮೇಲಿದ್ದರೆ ಯಾರನ್ನೂ ಕೇಳುವ ಅಗತ್ಯವೇ ಇಲ್ಲ.

ಸಾಮಾನ್ಯ ಪ್ರಶ್ನೆಗಳಿಗೂ ನೇರ ಉತ್ತರ ಸಿಗುತ್ತದೆ ಎಂದುಕೊಳ್ಳಬೇಡಿ. ಸಮೀಕ್ಷೆಯ ಹುಡುಗರ ಜೊತೆ ಮಳವಳ್ಳಿ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಜಗಲಿ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಟ್ಯಾಬ್ ನೋಡಿದವರೇ ಕೇಳಿದರು: 'ಯಾವ ಸ್ಕೀಮ್ ಬಂದದೆ ಮಗಾ?' ಸ್ಕೀಮ್ ಅಲ್ಲ, ಸರ್ವೆ ಎಂದ ಹುಡುಗ. ವರ್ಷದ ಆದಾಯ ಎಷ್ಟು ಎನ್ನುತ್ತಲೇ ಅಜ್ಜಿಯ ಕೈ ನಿಂತಿತು. 'ಕಾರ್ಡ್ ತೆಗ್ದಾಕ್ಬುಟ್ಟೀಯೆ ಕನಪ್ಪ. ಏನೂ ಇಲ್ಲ ಅಂತ ಬರ್ಕೊ.' ಒಳಗೆ ಎರಡು ಸೀಮೆಹಸು ಮೇವು ಮೆಲ್ಲುತ್ತಿದ್ದವು, ಡೈರಿಯ ಪಾಸ್‌ಬುಕ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯದ ಮಿತಿ 1.2 ಲಕ್ಷ ರೂಪಾಯಿ. ಆ ಗೆರೆ ಅಜ್ಜಿಗೆ ಚೆನ್ನಾಗಿ ಗೊತ್ತು. ಅವರನ್ನು ಸುಳ್ಳುಗಾತಿ ಎನ್ನುವುದಕ್ಕಿಂತ, ಆದಾಯ ಕೇಳುವ ಬದಲು ಹೋದ ವಾರ ಏನೇನು ಕೊಂಡಿರಿ ಎಂದು ಕೇಳುವುದು ಲೇಸು. ಅನುಭವ ಇರುವ ಸಂಶೋಧಕರು ಹಾಗೇ ಮಾಡುತ್ತಾರೆ.

ಎಷ್ಟು ಮನೆ, ಯಾವ ಮನೆ ಎಂಬುದನ್ನೂ ನೋಡಿ. ಜಿಲ್ಲೆಗೆ 400 ಮನೆ ತೆಗೆದರೆ ಜಿಲ್ಲೆಯ ಅಂಕಿಯಲ್ಲಿ ಆಚೀಚೆ ಶೇ 5ರಷ್ಟು ತಪ್ಪು ಇರಬಹುದು, ಅದನ್ನು ಒಪ್ಪಬಹುದು. ಅದೇ 400ನ್ನು ಮಂಡ್ಯದ ಏಳು ತಾಲ್ಲೂಕಿಗೆ ಹಂಚಿದರೆ ತಲಾ 57 ಮನೆ, ತಪ್ಪಿನ ಅಳತೆ ಶೇ 13ಕ್ಕೆ ಜಿಗಿಯುತ್ತದೆ. 'ಪಾಂಡವಪುರ ಶೇ 62, ನಾಗಮಂಗಲ ಶೇ 54' ಎಂದು ವರದಿ ಬರೆದರೆ ಆ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ವಿ.ಸಿ. ನಾಲೆಯ ಅಚ್ಚುಕಟ್ಟಿನ ಮದ್ದೂರಿನಲ್ಲಿ ಸಿಕ್ಕಿದ್ದನ್ನು ಮಳೆ ನಂಬಿದ ನಾಗಮಂಗಲಕ್ಕೆ ಹಚ್ಚಲೂ ಆಗದು. ಎಚ್.ಡಿ. ಕೋಟೆಯಲ್ಲಿ ಬಸ್ ಹೋಗದ ಜೇನುಕುರುಬರ ಹಾಡಿಗಳು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುವುದಂತೂ ಮಾಮೂಲು.

ಕರಡಿನಿಂದ ಕಪಾಟಿಗೆ

ಸಂಸ್ಥೆಗೆ ಹಣ ಕಂತುಗಳಲ್ಲಿ ಬರುತ್ತದೆ. ಕೊನೆಯ ಕಂತು ಅಂತಿಮ ವರದಿ ಒಪ್ಪಿಗೆಯಾದ ಮೇಲೆ. ಕರಡು ವರದಿಯನ್ನು ಇಲಾಖೆಯವರ ಮುಂದೆ ಮಂಡಿಸುವ ದಿನ ಯಾರೂ ಅಂಕಿ ತಿದ್ದಿ ಎನ್ನುವುದಿಲ್ಲ, ಪದ ಸ್ವಲ್ಪ ಮೆದು ಮಾಡಿ ಎನ್ನುತ್ತಾರೆ. 'ವಿಫಲವಾಗಿದೆ' ಎಂಬುದು 'ಇನ್ನಷ್ಟು ಬಲಪಡಿಸುವ ಅಗತ್ಯವಿದೆ' ಎಂದಾಗುತ್ತದೆ. ಮುಂದಿನ ಟೆಂಡರ್ ಕೂಡ ಅವರ ಕೈಯಲ್ಲೇ ಇರುವುದರಿಂದ ಸಂಸ್ಥೆಯವರು ತಲೆಯಾಡಿಸುತ್ತಾರೆ. ಆದ್ದರಿಂದ ಸಾರಾಂಶದ ಪುಟಕ್ಕಿಂತ ಒಳಗಿನ ಕೋಷ್ಟಕಗಳನ್ನು ನೋಡಬೇಕು, ಮೆದುವಾಗುವುದು ಮಾತು ಮಾತ್ರ.

ಇನ್ನು ಕೆಲವು ವರದಿಗಳು ಹೊರಗೇ ಬರುವುದಿಲ್ಲ. 2015ರಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮನೆಮನೆಗೆ ಹೋಗಿ ಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಮುಖ್ಯಮಂತ್ರಿಯ ಕೈ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗೆ ಅಂದಿನ ಮಕ್ಕಳು ಮತದಾರರಾಗಿದ್ದರು. 2025ರಲ್ಲಿ ಮತ್ತೆ ಹೊಸ ಸಮೀಕ್ಷೆ ಮಾಡಬೇಕಾಯಿತು.

ನಿಮ್ಮ ಊರಿನ ಮೇಲೆ ಮಾಡಿದ ಅಧ್ಯಯನ ನಿಮಗೆ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. 'ವರದಿ ಕೊಡಿ' ಎಂದಷ್ಟೇ ಬರೆದರೆ ಬಣ್ಣದ ಮುಖಪುಟದ ಸಾರಾಂಶ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅಧ್ಯಯನದ ಹೆಸರು ಬರೆದು, ಅದರ ಟಿಓಆರ್, ಪ್ರಶ್ನಾವಳಿ, ಮನೆಗಳನ್ನು ಆಯ್ದ ವಿಧಾನ, ಕರಡು ವರದಿಗೆ ಇಲಾಖೆ ಕೊಟ್ಟ ಲಿಖಿತ ಸಲಹೆಗಳು, ಅಂತಿಮ ವರದಿ ಅನುಬಂಧ ಸಹಿತ ಎಂದು ಕೇಳಿ. ಇಷ್ಟಕ್ಕೆ ನಲವತ್ತು ಪದ ಸಾಕು.